ಅಂಗಡಿಯ ಲೆಕ್ಕ, ವೈಫೈ, ಬ್ಯಾಕಪ್: ಯಾವುದಕ್ಕೆ ಮೊದಲು ಬೀಗ?

ದಾವಣಗೆರೆ ಎಪಿಎಂಸಿ ಯಾರ್ಡಿನ ಯಾವುದೇ ದಲಾಲಿ ಅಂಗಡಿಗೆ ಹೋಗಿ ನೋಡಿ. ಗಲ್ಲಾಪೆಟ್ಟಿಗೆ ಪಕ್ಕ ಒಂದು ಕಂಪ್ಯೂಟರ್. ಗೋಡೆ ಮೇಲೆ ಇಂಟರ್ನೆಟ್‌ನವರು ಹೊಡೆದು ಹೋದ ರೌಟರ್. ಬೀರು ಮೇಲೆ ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ. ಮೆಕ್ಕೆಜೋಳ ತಂದ ರೈತರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ, ಆಧಾರ್ ಪ್ರತಿ, ಯಾರಿಗೆ ಎಷ್ಟು ಮುಂಗಡ ಹೋಗಿದೆ ಎನ್ನುವ ಲೆಕ್ಕ, ಎಲ್ಲ ಆ ಒಂದು ಕಂಪ್ಯೂಟರಿನಲ್ಲಿ. ಅದರ ಪಾಸ್‌ವರ್ಡ್ ಸಾಹುಕಾರರಿಗೆ ಗೊತ್ತು, ಗುಮಾಸ್ತರಿಗೆ ಗೊತ್ತು, ರಿಪೇರಿಗೆ ಬರುವ ಹುಡುಗನಿಗೆ ಗೊತ್ತು. ಕೆಲಸ ಬಿಟ್ಟು ಹೋದವರಿಗೂ ಗೊತ್ತು.

ಇಂಥ ಅಂಗಡಿ, ಕ್ಲಿನಿಕ್, ರೈಸ್ ಮಿಲ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮೂರಿನ ವ್ಯಾಪಾರ ನಡೆಯುವುದೇ ನಂಬಿಕೆ ಮೇಲೆ. ಆದರೆ ಐದು ಜನರಿಗೆ ಒಂದೇ ಪಾಸ್‌ವರ್ಡ್ ಇದ್ದರೆ, ಏನಾದರೂ ಹೆಚ್ಚುಕಡಿಮೆ ಆದ ದಿನ ಐದೂ ಜನರ ಮೇಲೆ ಅನುಮಾನ ಬರುತ್ತದೆ. ತಪ್ಪು ಮಾಡದವರೂ ತಲೆ ತಗ್ಗಿಸಬೇಕಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕೀಲಿ ಕೊಡಿ ಎಂದು ನಾನು ಹೇಳುವುದು ಆ ನಂಬಿಕೆ ಉಳಿಯಲಿ ಎಂದೇ. ಜೊತೆಗೆ, ರೈತರು ತಮ್ಮ ಆಧಾರ್ ಪ್ರತಿಯನ್ನು ನಿಮಗೆ ಕೊಟ್ಟಿದ್ದು ಒಂದು ಕೆಲಸಕ್ಕೆ. ಅದನ್ನು ಜೋಪಾನವಾಗಿ ಇಡುವ ಹೊಣೆ ನಿಮ್ಮದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದನ್ನೇ ಹೇಳುತ್ತದೆ.

ಮಾಡಬೇಕಾದ್ದು ಎರಡು ಕೆಲಸ. ಬಂದವರು ನಿಜವಾಗಿ ಅವರೇನಾ ಎಂದು ಖಾತ್ರಿ ಮಾಡಿಕೊಳ್ಳುವುದು ಒಂದು. ಇದು ದೃಢೀಕರಣ. ಮಾಹಿತಿ ಬೇರೆಯವರ ಕೈಗೆ ಸಿಕ್ಕರೂ ಓದಲು ಬಾರದಂತೆ ಮಾಡುವುದು ಇನ್ನೊಂದು. ಇದು ಎನ್‌ಕ್ರಿಪ್ಷನ್. ದನದ ಜಾತ್ರೆಯಲ್ಲಿ ಟವೆಲ್ ಅಡಿ ಬೆರಳು ಹಿಡಿದು ಬೆಲೆ ಮಾತಾಡುವುದನ್ನು ನೀವು ನೋಡಿರುತ್ತೀರಿ. ಸುತ್ತ ನೂರು ಜನ ನಿಂತಿರುತ್ತಾರೆ, ಎಷ್ಟಕ್ಕೆ ಕುದುರಿತು ಎನ್ನುವುದು ಒಬ್ಬರಿಗೂ ತಿಳಿಯುವುದಿಲ್ಲ. ಎನ್‌ಕ್ರಿಪ್ಷನ್ ಮಾಡುವುದು ಆ ಟವೆಲ್ಲಿನ ಕೆಲಸ. ಆದರೆ ಟವೆಲ್ ಅಡಿ ಇರುವ ಕೈ ಯಾರದು ಎಂದು ಟವೆಲ್ ಹೇಳುವುದಿಲ್ಲ. ಅದಕ್ಕೆ ಮುಖ ನೋಡಬೇಕು. ಎರಡರಲ್ಲಿ ಒಂದನ್ನು ಬಿಟ್ಟರೂ ಮೋಸ ಹೋಗುತ್ತೇವೆ.

ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಆದರೆ ಈ ಕ್ರಮ ತಪ್ಪಿಸಬೇಡಿ.

ಮೊದಲ ಹೆಜ್ಜೆ: ಮೇಲ್ ಮತ್ತು ಫೋನ್ ನಂಬರ್

ಜನ ಮೊದಲು ಆ್ಯಂಟಿವೈರಸ್ ಕೊಳ್ಳುತ್ತಾರೆ. ನಾನು ಮೊದಲು ಕೇಳುವುದು ಅಂಗಡಿಯ ಜಿಮೇಲ್ ಯಾರ ಕೈಯಲ್ಲಿದೆ ಎಂದು. ಬ್ಯಾಂಕ್, ಜಿಎಸ್‌ಟಿ, ಸಿಸಿಟಿವಿ ಆ್ಯಪ್, ಯಾವುದರ ಪಾಸ್‌ವರ್ಡ್ ಮರೆತರೂ ಹೊಸದನ್ನು ಮಾಡಿಕೊಳ್ಳುವ ಸಂದೇಶ ಬರುವುದು ಆ ಮೇಲ್‌ಗೆ, ಇಲ್ಲವೇ ಆ ಫೋನ್‌ಗೆ. ಅವೆರಡು ಕೈತಪ್ಪಿದರೆ ಉಳಿದ ಬೀಗಗಳೆಲ್ಲ ತಾವೇ ತೆರೆದುಕೊಳ್ಳುತ್ತವೆ.

ಎಷ್ಟೋ ಅಂಗಡಿಗಳಲ್ಲಿ ಈ ಮೇಲ್ ಮಾಡಿಕೊಟ್ಟವರು ಕಂಪ್ಯೂಟರ್ ಮಾರಿದವರು. ಪಾಸ್‌ವರ್ಡ್ ಮರೆತಾಗ ಬಳಸುವ ಫೋನ್ ನಂಬರ್ ಕೂಡ ಇನ್ನೂ ಅವರದ್ದೇ ಇರುತ್ತದೆ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟ ತೆರೆಯಿರಿ. ರಿಕವರಿ ಫೋನ್, ರಿಕವರಿ ಮೇಲ್ ನಿಮ್ಮದೇನಾ ನೋಡಿ. ಅದೇ ಪುಟದಲ್ಲಿ ಈ ಖಾತೆ ಯಾವ ಯಾವ ಫೋನು, ಕಂಪ್ಯೂಟರುಗಳಲ್ಲಿ ತೆರೆದಿದೆ ಎಂಬ ಪಟ್ಟಿಯೂ ಇರುತ್ತದೆ. ಗುರುತಿಲ್ಲದ್ದನ್ನು ಅಲ್ಲಿಂದಲೇ ಹೊರಹಾಕಿ.

ಆಮೇಲೆ ಪಾಸ್‌ವರ್ಡ್. ಅಂಗಡಿ ಹೆಸರಿನ ಜೊತೆ 123 ಸೇರಿಸಿದರೆ ಅದು ಪಾಸ್‌ವರ್ಡ್ ಆಗುವುದಿಲ್ಲ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಜೋಡಿಸಿ. ತಕ್ಕಡಿ, ನವಿಲು, ಸೀಮೆಎಣ್ಣೆ, ಗುರುವಾರ, ಹೀಗೆ. ಇದನ್ನೇ ಇಟ್ಟುಕೊಳ್ಳಬೇಡಿ, ನಿಮ್ಮದನ್ನು ನೀವೇ ಹುಡುಕಿ. ಚಿಹ್ನೆ, ದೊಡ್ಡಕ್ಷರಗಳ ಸರ್ಕಸ್ಸಿಗಿಂತ ಉದ್ದ ಹೆಚ್ಚು ಕಾಯುತ್ತದೆ. ಮೇಲ್‌ನ ಪಾಸ್‌ವರ್ಡನ್ನು ಬೇರೆ ಎಲ್ಲೂ ಬಳಸಬೇಡಿ. ಉಳಿದ ಹತ್ತಾರು ಪಾಸ್‌ವರ್ಡ್ ನೆನಪಿಡಲು ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಮೂಲೆ ಹರಿದ ಡೈರಿಯೇ ನಿಮಗೆ ಅನುಕೂಲ ಎಂದರೆ ಅದನ್ನು ತಿಜೋರಿಯಲ್ಲಿ ಇಡಿ. ಮೇಜಿನ ಮೇಲೆ ಮಾತ್ರ ಬೇಡ.

ಈಗ ಎರಡನೇ ಬೀಗ. ಟೂ ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿ, ಅಥೆಂಟಿಕೇಟರ್ ಆ್ಯಪ್ ಜೋಡಿಸಿ. ಅದು 30 ಸೆಕೆಂಡಿಗೊಮ್ಮೆ ಹೊಸ 6 ಅಂಕಿ ತೋರಿಸುತ್ತದೆ. ಈ ಅಂಕಿ ಹೊರಗಿಂದ ಬರುವುದಿಲ್ಲ. ಜೋಡಿಸುವಾಗ ಸ್ಕ್ಯಾನ್ ಮಾಡಿದ ಕ್ಯೂಆರ್ ಚಿತ್ರದಲ್ಲಿ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಅದನ್ನೂ ಆ ಕ್ಷಣದ ಸಮಯವನ್ನೂ ಸೇರಿಸಿ ಫೋನೇ ಲೆಕ್ಕ ಹಾಕುತ್ತದೆ. ಹಾಗಾಗಿ ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಫೋನಿನ ಗಡಿಯಾರ ತಪ್ಪಿದ್ದರೆ ಮಾತ್ರ ಅಂಕಿ ಹೊಂದುವುದಿಲ್ಲ. ಎಸ್‌ಎಂಎಸ್ ಒಟಿಪಿಗಿಂತ ಇದು ಮೇಲು. ನಿಮ್ಮ ಹೆಸರಲ್ಲಿ ನಕಲಿ ದಾಖಲೆ ಕೊಟ್ಟು ಬೇರೆ ಸಿಮ್ ತೆಗೆದವರಿಗೆ ಎಸ್‌ಎಂಎಸ್ ಹೋಗುತ್ತದೆ, ಈ ಅಂಕಿ ಹೋಗುವುದಿಲ್ಲ. ಆ್ಯಪ್ ಕಷ್ಟ ಎನಿಸಿದರೆ ಎಸ್‌ಎಂಎಸ್ ಆದರೂ ಇರಲಿ. ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ವಾಸಿ.

ಫೋನ್ ಕಳೆದರೆ ಏನು ಗತಿ ಎಂದು ಎಲ್ಲರೂ ಕೇಳುತ್ತಾರೆ. ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದು ಒಂದೇ ಸಲ ನಡೆಯುತ್ತದೆ. ಪ್ರಿಂಟ್ ತೆಗೆದು ತಿಜೋರಿಯಲ್ಲಿಡಿ. ಇದನ್ನು ಮಾಡದೆ ಎರಡನೇ ಬೀಗ ಹಾಕಿದರೆ ಒಂದು ದಿನ ನೀವೇ ಹೊರಗೆ ನಿಲ್ಲಬೇಕಾಗಬಹುದು.

ಒಂದು ಪಕ್ಕದ ಮಾತು, ಆದರೆ ಬಿಡುವ ಹಾಗಿಲ್ಲ: ನಿಮ್ಮ ಡಿಜಿಟಲ್ ಸಹಿಯ ಟೋಕನ್ ಎಲ್ಲಿದೆ? ಪೆನ್‌ಡ್ರೈವ್ ಥರ ಕಾಣುವ ಆ ಡಿಎಸ್‌ಸಿ ಬಹಳ ಜನರದ್ದು ಆಡಿಟರ್ ಕಚೇರಿಯ ಡಬ್ಬಿಯಲ್ಲಿ ಇರುತ್ತದೆ, ಪಿನ್ ಅದರ ಮೇಲೆಯೇ ಅಂಟಿಸಿರುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಪ್ರಕಾರ ಅದರಿಂದ ಹಾಕಿದ ಸಹಿಗೆ ಕಾನೂನಿನ ಮಾನ್ಯತೆ ಇದೆ. ಟೋಕನ್ನಿನ ಒಳಗಿನ ಗುಟ್ಟಿನ ಕೀಲಿ ಹೊರಗೆ ನಕಲಾಗದಂತೆ ಕಾಯುವುದೇ ಆ ಸಾಧನದ ಕೆಲಸ. ಅದರ ಜೊತೆ ಪಿನ್ನನ್ನೂ ಕೊಟ್ಟುಬಿಟ್ಟರೆ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟ ಹಾಗಾಯಿತು. ಟೋಕನ್ ಮನೆಗೆ ತನ್ನಿ, ಪಿನ್ ಬದಲಾಯಿಸಿ. ಬೇಕಾದಾಗ ತೆಗೆದುಕೊಂಡು ಹೋಗಿ ಎದುರಿಗೇ ಕೂತು ಸಹಿ ಮಾಡಿಸಿ. ಒಬ್ಬರೇ ಮಾಲೀಕರಿರುವ ಅಂಗಡಿಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಒಟಿಪಿ ಸಾಕು. ಕಂಪನಿ, ಎಲ್‌ಎಲ್‌ಪಿಗಳಿಗೆ ಟೋಕನ್ ಬೇಕು.

ಎರಡನೇ ಹೆಜ್ಜೆ: ರೌಟರ್

ರೌಟರ್‌ಗೆ ಎರಡು ಪಾಸ್‌ವರ್ಡ್ ಇರುತ್ತದೆ. ವೈಫೈ ಸೇರಲು ಒಂದು, ರೌಟರಿನ ಸೆಟ್ಟಿಂಗ್ ತೆರೆಯಲು ಇನ್ನೊಂದು. ಎರಡನೆಯದನ್ನು ಯಾರೂ ಮುಟ್ಟಿರುವುದಿಲ್ಲ. ಎಷ್ಟೋ ಕಡೆ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಅದು ತೆರೆದಿದ್ದರೆ, ನೀವು ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ ನಿಮ್ಮನ್ನು ನಕಲಿ ತಾಣಕ್ಕೆ ಕಳಿಸುವ ಹಾಗೆ ಬದಲಾಯಿಸಬಹುದು.

ರೌಟರಿನ ತಳದ ಚೀಟಿಯಲ್ಲಿ ಅದರ ವಿಳಾಸ ಇರುತ್ತದೆ. ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಅಂಗಡಿಯ ವೈಫೈಗೆ ಸೇರಿ, ಬ್ರೌಸರಿನಲ್ಲಿ ಆ ಸಂಖ್ಯೆ ಹಾಕಿ. ಕೇಬಲ್‌ನವರ ಮೂಲಕ ಫೈಬರ್ ಹಾಕಿಸಿದ್ದರೆ ಸೆಟ್ಟಿಂಗ್ ಅವರ ಕೈಯಲ್ಲಿರಬಹುದು. ಕರೆಸಿ, ನಿಮ್ಮ ಎದುರಿಗೇ ಮಾಡಿಸಿ. ಬಿಐಇಟಿ, ಯುಬಿಡಿಟಿ ಥರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ಮಕ್ಕಳು ಮನೆಯಲ್ಲಿದ್ದರೆ ಅವರನ್ನು ಕೂರಿಸಿಕೊಳ್ಳಿ, ಅರ್ಧ ಗಂಟೆಯ ಕೆಲಸ.

ಒಳಗೆ ಹೋದ ಮೇಲೆ ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ನಂತರ ವೈಫೈ ಸೆಕ್ಯುರಿಟಿ ನೋಡಿ. ಡಬ್ಲ್ಯೂಪಿಎ3 ಇದ್ದರೆ ಅದು, ಇಲ್ಲದಿದ್ದರೆ ಡಬ್ಲ್ಯೂಪಿಎ2, ಜೊತೆಗೆ ಎಇಎಸ್ ಎಂಬ ಎನ್‌ಕ್ರಿಪ್ಷನ್ ಆಯ್ಕೆ. ಡಬ್ಲ್ಯೂಇಪಿ ಎಂಬ ಹಳೆಯ ವಿಧಾನದ ದೋಷ 2001ರಲ್ಲೇ ಬಯಲಾಗಿದೆ. ನಿಮ್ಮ ರೌಟರಿನಲ್ಲಿ ಅದೊಂದೇ ಇದ್ದರೆ ಆ ರೌಟರ್ ಬಿಸಾಡಿ. ಡಬ್ಲ್ಯೂಪಿಎಸ್ ಎಂಬ ಗುಂಡಿ ಒತ್ತಿ ಸೇರುವ ಸೌಲಭ್ಯವನ್ನೂ ಆಫ್ ಮಾಡಿ. ಅದರ 8 ಅಂಕಿಯ ಪಿನ್ನನ್ನು ರೌಟರ್ ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಬರೀ ತಾಳೆ ನೋಡಲು. ಹಾಗಾಗಿ ಕೋಟಿಗಟ್ಟಲೆ ಸಲ ಪ್ರಯತ್ನಿಸಬೇಕಾದ ಕಡೆ 11,000 ಸಲ ಸಾಕು. ಇದು 2011ರಿಂದಲೂ ಗೊತ್ತಿರುವ ವಿಷಯ.

ವೈಫೈ ಪಾಸ್‌ವರ್ಡ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳಲ್ಲಿ ಜಾಸ್ತಿ ನೋಡುವುದು ಮಾಲೀಕರ ಮೊಬೈಲ್ ನಂಬರನ್ನೇ ವೈಫೈ ಪಾಸ್‌ವರ್ಡ್ ಮಾಡಿರುವುದು. ಆ ನಂಬರ್ ಅಂಗಡಿಯ ಬೋರ್ಡ್ ಮೇಲೆಯೇ ಇರುತ್ತದೆ! ಬೇರೆ ಯಾರದೋ ನಂಬರ್ ಹಾಕಿದರೂ ಪ್ರಯೋಜನ ಇಲ್ಲ. ಡಬ್ಲ್ಯೂಪಿಎ2ದಲ್ಲಿ ಒಂದು ಫೋನ್ ವೈಫೈ ಸೇರುವಾಗ ನಡೆಯುವ ಮಾತುಕತೆಯನ್ನು ಹೊರಗೆ ನಿಂತವರು ಹಿಡಿದಿಟ್ಟುಕೊಳ್ಳಬಹುದು. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡಬಹುದು. ನಮ್ಮ ಮೊಬೈಲ್ ನಂಬರ್‌ಗಳು 6, 7, 8, 9ರಲ್ಲಿ ಶುರುವಾಗುವ 10 ಅಂಕಿ. ಎಲ್ಲ ಸೇರಿ 400 ಕೋಟಿ. ಕೇಳಲು ದೊಡ್ಡದು, ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿಗೆ ಅದು ಕೆಲವು ಗಂಟೆಗಳ ಕೆಲಸ. ಡಬ್ಲ್ಯೂಪಿಎ2ದಲ್ಲಿ 63 ಅಕ್ಷರದವರೆಗೆ ಜಾಗ ಇದೆ. ನಾಲ್ಕೈದು ಪದದ ಆ ಉಪಾಯ ಇಲ್ಲೂ ನಡೆಯುತ್ತದೆ.

ಲಾರಿ ಡ್ರೈವರ್‌ಗಳು, ಮಾಲು ತಂದವರು, ನೆಂಟರು ವೈಫೈ ಕೇಳುತ್ತಾರೆ. ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ, ಅಲ್ವಾ? ಅವರಿಗೆಂದೇ ಗೆಸ್ಟ್ ನೆಟ್‌ವರ್ಕ್ ಮಾಡಿ. ಇಂಟರ್ನೆಟ್ ಸಿಗುತ್ತದೆ, ಲೆಕ್ಕದ ಕಂಪ್ಯೂಟರ್ ಅವರ ಫೋನಿಗೆ ಕಾಣುವುದಿಲ್ಲ. ಸಾಧ್ಯವಾದರೆ ವೈಫೈ ಕ್ಯಾಮೆರಾಗಳನ್ನೂ ಲೆಕ್ಕದ ಕಂಪ್ಯೂಟರಿನಿಂದ ಹೀಗೇ ದೂರ ಇಡಿ.

ಕ್ಯಾಮೆರಾ ಎಂದಾಗ ಒಂದು ವಿಷಯ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ವಶ ಮಾಡಿಕೊಂಡು ದೊಡ್ಡ ದೊಡ್ಡ ತಾಣಗಳನ್ನು ಬೀಳಿಸಿತು. ಅದರ ಕೈಯಲ್ಲಿ ಇದ್ದದ್ದು ಕಾರ್ಖಾನೆಯಲ್ಲೇ ಹಾಕಿ ಕಳಿಸುವ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಡಿವಿಆರ್ ಪಾಸ್‌ವರ್ಡ್ ಇಂದೇ ಬದಲಾಯಿಸಿ. ಕ್ಯಾಮೆರಾ ಹಾಕಿದವರು ಹೊರಗಿಂದ ನೋಡಲು ರೌಟರಿನಲ್ಲಿ ಪೋರ್ಟ್ (ಹೊರಗಿಂದ ಒಳಬರುವ ಬಾಗಿಲು) ತೆರೆದಿಟ್ಟಿದ್ದರೆ ಮುಚ್ಚಿಸಿ. ರೌಟರ್, ಡಿವಿಆರ್ ಎರಡಕ್ಕೂ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಅಪ್‌ಡೇಟ್ ಇದೆಯಾ ನೋಡಿ.

ಮೂರನೇ ಹೆಜ್ಜೆ: ಲೆಕ್ಕದ ಕಂಪ್ಯೂಟರ್

ವಿಂಡೋಸ್ ಪಾಸ್‌ವರ್ಡ್ ಇದ್ದರೆ ಸಾಕು ಎಂದುಕೊಂಡವರು ಬಹಳ. ಕಳ್ಳರು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಆ ಪಾಸ್‌ವರ್ಡಿಗೆ ಬೆಲೆಯೇ ಇಲ್ಲ, ಎಲ್ಲ ಫೈಲ್ ಓದಬಹುದು. ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಬೇಕು. ವಿಂಡೋಸ್ ಪ್ರೊನಲ್ಲಿ ಬಿಟ್‌ಲಾಕರ್ ಇದೆ. ಹೋಮ್ ಆವೃತ್ತಿ ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಆಯ್ಕೆ ಸಿಗುತ್ತದೆ. ಆನ್ ಮಾಡಿದಾಗ 48 ಅಂಕಿಯ ರಿಕವರಿ ಕೀ ಬರುತ್ತದೆ. ಅದನ್ನು ಪ್ರಿಂಟ್ ತೆಗೆಯದೆ ಮುಂದೆ ಹೋಗಬೇಡಿ. ಮದರ್‌ಬೋರ್ಡ್ ಕೆಟ್ಟ ದಿನ ಆ ಕಾಗದ ಇಲ್ಲದಿದ್ದರೆ ಯಾವ ರಿಪೇರಿಯವರಿಂದಲೂ ಆಗುವುದಿಲ್ಲ.

ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿ. ಅಡ್ಮಿನ್ ಅಧಿಕಾರ ಒಂದೇ ಖಾತೆಗೆ ಇರಲಿ, ದಿನದ ಕೆಲಸಕ್ಕೆ ಸಾಹುಕಾರರೂ ಸಾದಾ ಖಾತೆಯನ್ನೇ ಬಳಸಲಿ. ಆಗ ತಪ್ಪಿ ಏನೋ ಒತ್ತಿದರೂ ಇಡೀ ಕಂಪ್ಯೂಟರ್ ಕೈಬಿಡುವ ಸಂಭವ ಕಡಿಮೆ.

ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲೂ ಇದೇ ಕ್ರಮ. ಬಳಕೆದಾರರನ್ನು ಬೇರೆ ಮಾಡಿ, ಯಾರಿಗೆ ತಿದ್ದುವ ಅಧಿಕಾರ, ಯಾರಿಗೆ ಬರೀ ನೋಡುವ ಅಧಿಕಾರ ಎಂದು ಹಂಚಿ. ಅದರ ಮೇಲೆ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದರೆ ಕಂಪನಿಯ ಲೆಕ್ಕವೇ ಎನ್‌ಕ್ರಿಪ್ಟ್ ಆಗುತ್ತದೆ. ಪಟ್ಟಿಯಲ್ಲಿ ಕಂಪನಿಯ ಹೆಸರೂ ಕಾಣುವುದಿಲ್ಲ. ಆದರೆ ಈ ಪಾಸ್‌ವರ್ಡ್ ಮರೆತರೆ ಟ್ಯಾಲಿಯವರೂ ತೆಗೆದುಕೊಡಲಾರರು. ಬರೆದು ತಿಜೋರಿಯಲ್ಲಿಡಿ, ಮನೆಯ ಇನ್ನೊಬ್ಬರಿಗೂ ಎಲ್ಲಿದೆ ಎಂದು ತಿಳಿಸಿ. ಕ್ರ್ಯಾಕ್ ಮಾಡಿದ ತಂತ್ರಾಂಶ ಇದ್ದರೆ ತೆಗೆಯಿರಿ. ಆ್ಯಂಟಿವೈರಸ್ ಆಫ್ ಮಾಡಿಸಿ ಒಳಗೆ ಬಂದದ್ದರ ಮೇಲೆ ಎಷ್ಟು ಬೀಗ ಹಾಕಿದರೂ ವ್ಯರ್ಥ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಕಂಪ್ಯೂಟರ್ ಕೊಳ್ಳುವುದಿದ್ದರೆ ಮೊದಲು ಲೆಕ್ಕದ್ದನ್ನು ಬದಲಾಯಿಸಿ.

ಮನೆಯಿಂದ ಅಂಗಡಿ ಕಂಪ್ಯೂಟರ್ ನೋಡುವ ಅನುಕೂಲ ಬಹಳ ಜನ ಕೇಳುತ್ತಾರೆ. ಅದಕ್ಕೆಂದು ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು ಇಂಟರ್ನೆಟ್‌ಗೆ ನೇರವಾಗಿ ತೆರೆದಿಡುವುದು ನಾನು ಕಂಡ ಅತಿ ಅಪಾಯದ ಅಭ್ಯಾಸ. ಅಂಥ ಕಂಪ್ಯೂಟರ್ ಹುಡುಕುತ್ತಾ ಹಗಲು ರಾತ್ರಿ ತಂತ್ರಾಂಶಗಳು ಜಾಲಾಡುತ್ತಿರುತ್ತವೆ. ನಿಜವಾಗಿ ಬೇಕಿದ್ದರೆ ವಿಪಿಎನ್ (ಎನ್‌ಕ್ರಿಪ್ಟ್ ಆದ ಖಾಸಗಿ ದಾರಿ) ಹಾಕಿಸಿ, ಅದಕ್ಕೂ ಎರಡನೇ ಬೀಗ ಇರಲಿ. ಎನಿಡೆಸ್ಕ್ ಥರದ ಆ್ಯಪ್ ಇದ್ದರೆ, ಯಾರೂ ಇಲ್ಲದಾಗ ತಾನೇ ತೆರೆಯುವ ಪಾಸ್‌ವರ್ಡ್ ತೆಗೆದುಹಾಕಿ. ಫೋನ್ ಮಾಡಿ ಇಂಥ ಆ್ಯಪ್ ಹಾಕಿಕೊಳ್ಳಿ ಎನ್ನುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿದೆ.

ನಾಲ್ಕನೇ ಹೆಜ್ಜೆ: ಕಳಿಸುವಾಗ, ತೆರೆಯುವಾಗ

ವಾಟ್ಸ್ಆ್ಯಪ್ ಸಂದೇಶ 2016ರಿಂದ ಎರಡು ತುದಿಯ ನಡುವೆ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತದೆ. ಸೋರುವುದು ತುದಿಗಳಲ್ಲಿ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ವೆಬ್ ಸದಾ ತೆರೆದಿರುತ್ತದೆ. ಲಿಂಕ್ಡ್ ಡಿವೈಸಸ್ ಪಟ್ಟಿ ನೋಡಿ, ಬೇಡದ್ದನ್ನು ತೆಗೆಯಿರಿ. ಅದರ ಟೂ ಸ್ಟೆಪ್ ಪಿನ್ ಹಾಕಿ, ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ ಆನ್ ಮಾಡಿ. ರೈತರ ಆಧಾರ್ ಕೇಳುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುತ್ತದಾ ಎಂದು ಮೊದಲು ಯೋಚಿಸಿ. ಆಡಿಟರಿಗೆ ಕಳಿಸುವ ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಫೋನಿನಲ್ಲಿ ಬಾಯಿಮಾತಲ್ಲಿ ಹೇಳಿ.

ಬ್ರೌಸರಿನ ಬೀಗದ ಗುರುತು ನೋಡಿ ನೆಮ್ಮದಿ ಪಡುವವರು ಇಲ್ಲಿ ಎಚ್ಚರ ವಹಿಸಬೇಕು. ನಿಮ್ಮಿಂದ ಆ ತಾಣದವರೆಗಿನ ದಾರಿ ಎನ್‌ಕ್ರಿಪ್ಟ್ ಆಗಿದೆ ಎಂದಷ್ಟೇ ಅದರ ಅರ್ಥ. ಮೋಸದ ತಾಣಕ್ಕೂ ಬೀಗದ ಗುರುತು ಸುಲಭವಾಗಿ, ಪುಕ್ಕಟೆಯಾಗಿ ಸಿಗುತ್ತದೆ. ಟವೆಲ್ ಇದೆ, ಕೈ ಯಾರದು? ಅದಕ್ಕೆ ವಿಳಾಸ ಓದಬೇಕು. ರಿಸರ್ವ್ ಬ್ಯಾಂಕ್ ಸೂಚನೆಯಂತೆ ಈಗ ಬ್ಯಾಂಕುಗಳ ತಾಣದ ವಿಳಾಸ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಯಾಗುತ್ತದೆ. ಆ ಹೆಸರು ನೋಂದಾಯಿತ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಸಂದೇಶದಲ್ಲಿ ಬಂದ ಲಿಂಕ್ ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ, ಒಮ್ಮೆ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ ಮತ್ತು ಬ್ಯಾಲೆನ್ಸ್ ನೋಡುವಾಗ. ಹಣ ಬರುತ್ತದೆ, ಪಿನ್ ಹಾಕಿ ಎಂದವರು ಕದಿಯಲು ಬಂದವರೇ.

ಐದನೇ ಹೆಜ್ಜೆ: ಬ್ಯಾಕಪ್

ರ‍್ಯಾನ್ಸಮ್‌ವೇರ್ ಎಂದರೆ ನಿಮ್ಮ ಫೈಲಿಗೆ ಅವರ ಬೀಗ. ಇದೇ ಎನ್‌ಕ್ರಿಪ್ಷನ್, ಕೀಲಿ ಮಾತ್ರ ಅವರ ಹತ್ತಿರ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಹಬ್ಬಿದಾಗ, ಅದು ನುಗ್ಗಿದ ಕಿಂಡಿ ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಾಗಾಗಿ ಅಪ್‌ಡೇಟ್ ಮುಂದೂಡಬೇಡಿ. ಆದರೂ ಕೊನೆಗೆ ಕೈಹಿಡಿಯುವುದು ಬ್ಯಾಕಪ್ಪೇ.

ಸದಾ ಚುಚ್ಚಿಯೇ ಇರುವ ಪೆನ್‌ಡ್ರೈವ್ ಬ್ಯಾಕಪ್ ಅಲ್ಲ. ಕಂಪ್ಯೂಟರಿನ ಜೊತೆ ಅದಕ್ಕೂ ಬೀಗ ಬೀಳುತ್ತದೆ. ಎರಡು ಹೊರ ಡಿಸ್ಕ್ ಕೊಳ್ಳಿ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ವಾರಕ್ಕೊಮ್ಮೆ ಅದಲುಬದಲು ಮಾಡಿ, ನಕಲು ಮುಗಿದ ಕೂಡಲೇ ಬಿಚ್ಚಿಡಿ. ಡಿಸ್ಕ್ ಸ್ಕೂಟರಿನ ಡಿಕ್ಕಿಯಲ್ಲಿ ಓಡಾಡುವುದರಿಂದ ಅದಕ್ಕೂ ಬಿಟ್‌ಲಾಕರ್ ಬೇಕು. ವಿಂಡೋಸ್ ಹೋಮ್ ಇದ್ದವರು ಸೆವೆನ್‌ಜಿಪ್ ಎಂಬ ಉಚಿತ ತಂತ್ರಾಂಶದಲ್ಲಿ ಪಾಸ್‌ವರ್ಡ್ ಹಾಕಿ ಎಇಎಸ್-256ರಲ್ಲಿ ಫೈಲ್ ಕಟ್ಟಿಡಬಹುದು.

ಬ್ಯಾಕಪ್ ಇದೆ ಎಂದು ನಂಬಿ ಕೂರಬೇಡಿ, ತೆರೆದು ನೋಡಿ. ನಮ್ಮಲ್ಲಿ ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುತ್ತೀರಲ್ಲ, ಅವತ್ತೇ ಹಳೆಯ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಟ್ಯಾಲಿಯಲ್ಲಿ ತೆರೆದು ಹಿಂದಿನ ತಿಂಗಳ ಒಬ್ಬ ರೈತರ ಪಟ್ಟಿ ಹುಡುಕಿ. ಸಿಕ್ಕರೆ ಬ್ಯಾಕಪ್ ಸರಿಯಿದೆ.

ಯಾರಾದರೂ ಕೆಲಸ ಬಿಟ್ಟಾಗ

ಅವರ ಲಾಗಿನ್ ಅವತ್ತೇ ಮುಚ್ಚಿ, ವೈಫೈ ಪಾಸ್‌ವರ್ಡ್ ಬದಲಾಯಿಸಿ, ಸಿಸಿಟಿವಿ ಆ್ಯಪ್‌ನಿಂದ ಅವರ ಫೋನ್ ತೆಗೆಯಿರಿ. ಇದು ಎಲ್ಲರಿಗೂ ಮಾಡುವ ಪದ್ಧತಿ ಎಂದು ಸೇರುವಾಗಲೇ ಹೇಳಿದರೆ ಯಾರಿಗೂ ಬೇಸರ ಆಗುವುದಿಲ್ಲ.

ಏನಾದರೂ ಆಗಿಯೇ ಬಿಟ್ಟರೆ

ಖಾತೆಯಿಂದ ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜೊತೆಗೇ ಬ್ಯಾಂಕಿಗೂ ತಿಳಿಸಿ. ಬೆಳಗಾಗಲಿ ಎಂದು ಕಾಯಬೇಡಿ, ಹಣ ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂಬಂಥ ಪ್ರಕರಣದಲ್ಲಿ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ನಿಯಮ ಮಾಡಿದೆ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ.

ಫೈಲ್‌ಗಳು ಇದ್ದಕ್ಕಿದ್ದಂತೆ ತೆರೆಯದಿದ್ದರೆ, ಹಣ ಕೇಳುವ ಬರಹ ಪರದೆ ಮೇಲೆ ಬಂದರೆ, ನೆಟ್‌ವರ್ಕ್ ತಂತಿ ಕೀಳಿ, ವೈಫೈ ಆಫ್ ಮಾಡಿ. ಬ್ಯಾಕಪ್ ಡಿಸ್ಕನ್ನು ಆ ಕಂಪ್ಯೂಟರಿಗೆ ಚುಚ್ಚಬೇಡಿ. ಪರದೆಯ ಫೋಟೊ ತೆಗೆಯಿರಿ. ಫಾರ್ಮ್ಯಾಟ್ ಮಾಡೋಣ ಎಂದು ರಿಪೇರಿಯವರು ಹೇಳಿದರೂ ತಡೆಯಿರಿ, ದೂರು ಕೊಟ್ಟ ಮೇಲೆ ಪೊಲೀಸರು ಆ ಡಿಸ್ಕನ್ನೇ ಕೇಳಬಹುದು. ಕೆಲಸ ನಿಲ್ಲದಿರಲು ಹೊಸ ಡಿಸ್ಕ್ ಹಾಕಿಸಿ, ಅದರ ಮೇಲೆ ವಿಂಡೋಸ್ ಹಾಕಿ, ಎಲ್ಲ ಪಾಸ್‌ವರ್ಡುಗಳನ್ನು ಬೇರೊಂದು ಸುರಕ್ಷಿತ ಕಂಪ್ಯೂಟರಿನಿಂದ ಬದಲಾಯಿಸಿದ ನಂತರವೇ ಮನೆಯಲ್ಲಿಟ್ಟ ಬ್ಯಾಕಪ್ ತನ್ನಿ.